ತುಕ್ಕಮ್ಮ ಎತ್ತಿ ನಿಲ್ಲಿಸಿದ ಸೇತುವೆ

ತುಕ್ಕಮ್ಮ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ ಬಿಡಿ. ಹಳೇ ಕಬ್ಬಿಣ ಕಂಡರೆ ಹಿಡಿದ ಕೆಲಸ ಬಿಟ್ಟು ಅದರ ಮುಂದೆ ಕೂತುಬಿಡುತ್ತಿದ್ದ ಈ ವೆಲ್ಡಿಂಗ್ ಶೆಡ್ಡಿನ ಒಡತಿಗೆ ಊರೇ ಇಟ್ಟ ಹೆಸರದು. ಅವಳಿಗೂ ಬೇಜಾರಿರಲಿಲ್ಲ. "ತುಕ್ಕು ಮೇಲೆ ಮಾತ್ರ, ಒಳಗೆ ಗಟ್ಟಿ ಇದೀನಿ" ಎನ್ನುತ್ತಿದ್ದಳು.

ಹೊಳೆಯ ಮೇಲಿದ್ದ ನೂರು ವರ್ಷದ ಕಬ್ಬಿಣದ ಸೇತುವೆ ಈಗಿನ ಲಾರಿಗಳ ಭಾರ ತಡೆಯದು ಎಂದು ನಗರಸಭೆ ಅದನ್ನು ಗುಜರಿಗೆ ಹಾಕಲು ಹೊರಟಿತು. ಅದೇ ನಗರಸಭೆ ಕೆರೆಯ ಸುತ್ತ ವಾಕಿಂಗ್‌ಗೂ ಸೈಕಲ್‌ಗೂ ಒಂದು ದಾರಿ ಮಾಡಿಸುತ್ತಿತ್ತು. ನಡುವೆ ಹಳ್ಳ ಅಡ್ಡ ಬಂದು ದಾರಿ ಅರ್ಧಕ್ಕೇ ನಿಂತಿತ್ತು. ಗಂಡು ಹೆಣ್ಣು ಎರಡೂ ಊರಲ್ಲೇ ಇದ್ದರೂ ಸಂಬಂಧ ಬೆಳೆಸಬೇಕೆಂದು ಒಬ್ಬರಿಗೂ ಹೊಳೆದಿರಲಿಲ್ಲ! ತುಕ್ಕಮ್ಮ ನೇರ ಸಭೆಗೇ ಹೋದಳು.

"ಲಾರಿ ಹೊರಕ್ಕಾಗಲ್ಲ ಸರಿ, ಮನುಷ್ಯರನ್ನ ಹೊರೋಕೇನು ಧಾಡಿ? ಬಿಚ್ಚಿ, ಹಳ್ಳಕ್ಕೆ ಒಯ್ದು, ನಾನು ನಿಲ್ಲಿಸ್ತೀನಿ."

ಅಧ್ಯಕ್ಷರು ನಕ್ಕರು. "ನಿಲ್ಲದೇ ಹೋದ್ರೆ?"

"ಗುಜರಿಗೆ ಕೊಡಿ. ನನ್ನ ಶೆಡ್ಡೂ ಮುಚ್ತೀನಿ."

ಸಭೆ ಒಪ್ಪಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಗಂಡ ಹೋದ ಮೇಲೆ ಒಬ್ಬಳೇ ಕಟ್ಟಿ ಬೆಳೆಸಿದ ಶೆಡ್ಡನ್ನು ತುಂಬಿದ ಸಭೆಯಲ್ಲಿ ಪಣಕ್ಕಿಟ್ಟು ಮನೆಗೆ ಬಂದಳು.

ಬಿಚ್ಚುವಾಗ ಯಾವುದು ಯಾವುದಕ್ಕೆ ಸೇರಬೇಕೆಂದು ಪ್ರತಿ ತುಂಡಿಗೂ ಬಿಳಿ ಬಣ್ಣದಲ್ಲಿ ನಂಬರ್ ಬರೆದಳು. ತುಕ್ಕು ತೆಗೆಯುವ ಕೆಲಸ ಅವಳ ತಮ್ಮನ ಪಾಲಿಗೆ ಬಂತು. ಆ ಪುಣ್ಯಾತ್ಮನಿಗೆ ಕೊಳೆ ಕಂಡರೆ ಆಗದು. ಮರಳು ಚಿಮ್ಮಿಸುವ ಯಂತ್ರ ಹಿಡಿದು, ತುಕ್ಕಿನ ಜೊತೆ ನಂಬರನ್ನೂ ಒಂದೂ ಬಿಡದೆ ಹಾರಿಸಿ, ಫಳಫಳ ಹೊಳೆಯುವ ರಾಶಿಯ ಪಕ್ಕ ಶಭಾಷ್‌ಗಿರಿಗೆ ಕಾಯುತ್ತ ನಿಂತಿದ್ದ.

"ನಂಬರ್ ಎಲ್ಲೋ?"

"ಎಲ್ಲಾ ಕ್ಲೀನ್ ಮಾಡು ಅಂದ್ಯಲ್ಲಕ್ಕ."

ತುಕ್ಕಮ್ಮ ತಲೆ ಮೇಲೆ ಕೈ ಹೊತ್ತು ಕೂತಳು. ಬೈಯಲು ಬಾಯಿ ತೆರೆದವಳು ಅವನ ಪೆಚ್ಚು ಮೋರೆ ನೋಡಿ ಮುಚ್ಚಿದಳು. ಸುಮ್ಮನೆ ಒಂದು ತುಂಡಿನ ಬೋಲ್ಟ್ ತೂತುಗಳ ಮೇಲೆ ಬೆರಳಾಡಿಸಿದಳು. ಅವು ಸಾಲಾಗಿ ನೆಟ್ಟಗಿರಲಿಲ್ಲ. ಹಿಂದಿನವರು ಎರಡೆರಡು ತುಂಡು ಜೋಡಿಸಿಟ್ಟು ಕೈಯಲ್ಲೇ ಒಟ್ಟಿಗೆ ಕೊರೆದಿದ್ದರು. ಹಾಗಾಗಿ ಒಂದರ ಸೊಟ್ಟ ಅದರ ಜೋಡಿಗೆ ಮಾತ್ರ ಹೊಂದುತ್ತಿತ್ತು.

"ಏಳೋ, ಸೊಟ್ಟಕ್ಕೆ ಸೊಟ್ಟ ಹುಡುಕೋಣ," ಎಂದಳು.

ಆಟದ ಮೈದಾನದಲ್ಲಿ ಎಲ್ಲವನ್ನೂ ಹರಡಿದರು. ನಗರಸಭೆಯ ಎಂಜಿನಿಯರ್ ತಾನಾಗಿಯೇ ತೋಳು ಮಡಚಿಕೊಂಡು ಬಂದು, ನಕ್ಷೆ ನೋಡಿ ಉದ್ದದ ಪ್ರಕಾರ ಗುಂಪು ಮಾಡಿಕೊಟ್ಟ. ಅದರಿಂದ ಅರ್ಧ ಹೊರೆ ಇಳಿಯಿತು. ತಮ್ಮ ಹೊತ್ತು ಹೊತ್ತು ಹಣ್ಣಾದ, ಆದರೆ ತುಟಿ ಪಿಟಕ್ ಎನ್ನಲಿಲ್ಲ. ಎನ್ನುವ ಮುಖವಾದರೂ ಎಲ್ಲಿತ್ತು? ತುಂಡುಗಳನ್ನು ತಿರುಗಿಸಿ, ಬದಲಿಸಿ, ಬೈದು, ಪುಸಲಾಯಿಸಿ, ಅಂತೂ ಇಂತೂ ಸೇತುವೆ ಮೈದಾನದಲ್ಲಿ ಇಡಿಯಾಯಿತು.

ಕ್ರೇನ್ ಅದನ್ನು ಹಳ್ಳದ ಮೇಲೆ ಇಳಿಸಿದ ದಿನ ಊರಿಗೆ ಊರೇ ನೆರೆದಿತ್ತು. ಗುಜರಿಯವನೂ ಲಾರಿ ತಂದು ಹದ್ದಿನ ಹಾಗೆ ಕಾದಿದ್ದ. ಎಂಜಿನಿಯರ್ ನೀರು ತುಂಬಿದ ಡ್ರಮ್ಮುಗಳನ್ನು ಒಂದೊಂದಾಗಿ ಸೇತುವೆಯ ಮೇಲೆ ಇಡಿಸಿ, ಎಷ್ಟು ಬಾಗುತ್ತದೆಂದು ಕೆಳಗಿನ ಅಳತೆಪಟ್ಟಿಯಲ್ಲಿ ನೋಡಿದ. ಸೇತುವೆ ಕಿರ್ ಎಂದಿತು. ತುಕ್ಕಮ್ಮ ಅಳತೆಪಟ್ಟಿಗೇ ಕಣ್ಣು ನೆಟ್ಟಳು. ಡ್ರಮ್ಮುಗಳನ್ನು ತೆಗೆದರು, ಬಾಗಿದ್ದ ಸೇತುವೆ ಮೊದಲಿನ ಗೆರೆಗೇ ಬಂದು ನಿಂತಿತು.

"ನಡೀಬಹುದಮ್ಮ," ಎಂದ ಎಂಜಿನಿಯರ್.

ತಮ್ಮನ ಕೈ ಹಿಡಿದು ಅವಳೇ ಮೊದಲು ದಾಟಿದಳು. ಆಚೆ ದಡ ಮುಟ್ಟುವಷ್ಟರಲ್ಲಿ ಖುಷಿ ತಡೆಯಲಾರದೆ ಅತ್ತೇಬಿಟ್ಟಳು. ಹಿಂದೆಯೇ ಸೈಕಲ್ಲುಗಳು, ತಳ್ಳುಗಾಡಿಯ ಕೂಸುಗಳು, ಮಂಡಿ ನೋವೆಂದು ಮನೆ ಬಿಟ್ಟು ಕದಲದ ಅಜ್ಜಿಯರು, ಯಾರುಂಟು ಯಾರಿಲ್ಲ! ಗುಜರಿಯವನು ಎರಡು ಸಲ ದಾಟಿ, ಖಾಲಿ ಲಾರಿ ಹತ್ತಿ ಹೋದ.

ಕೊನೆಗೆ ಅಧ್ಯಕ್ಷರೂ ದಾಟಿ ಬಂದರು. ತಾವು ಸೋತದ್ದನ್ನು ನಗುವಿನಲ್ಲಿ ತೇಲಿಸುತ್ತ, "ಅಲ್ಲಮ್ಮ, ಶೆಡ್ ಮುಚ್ಚೋದು ಯಾವಾಗ?" ಎಂದು ಕೇಳಿದರು.

ತುಕ್ಕಮ್ಮ ಕಣ್ಣೊರೆಸಿಕೊಂಡಳು.

"ಭಾನುವಾರ ಸ್ವಾಮಿ. ಯಾವಾಗ್ಲೂ ಅವತ್ತೇ ಮುಚ್ಚೋದು."