ಫ್ರಿಜ್ ಮಾವ ಹಿಡಿದಿಟ್ಟ ಗ್ಯಾಸು

"ಫ್ರಿಜ್ ಮಾವನ ಕೈ ತಾಗಿದರೆ ಕೆಂಡವೂ ತಣ್ಣಗಾಗುತ್ತೆ" ಅನ್ನುತ್ತಿದ್ದರು ಅಕ್ಕಪಕ್ಕದವರು. ನಲವತ್ತು ವರ್ಷ ಫ್ರಿಜ್ಜು, ಏಸಿ ರಿಪೇರಿ ಮಾಡಿದವನು, ಬೀದಿಗೆಲ್ಲ ಮಾವ. "ಊರಿಗೆಲ್ಲ ತಂಪು ಹಂಚಿ ತಾನು ಮಾತ್ರ ಮೂರನೇ ಮಹಡಿಯ ಬಾಣಲೆಯಂಥ ಮನೆಯಲ್ಲಿ ಕೂತಿದ್ದಾನೆ" ಅಂತ ಕೀಟಲೆಯೂ ಇತ್ತು.

ಅವನ ಕೆಲಸಕ್ಕೊಂದು ಕ್ರಮ. ಕೆಟ್ಟ ಮಿಷನ್ನನ್ನು ಕಿಟಕಿಯತ್ತ ತಿರುಗಿಸಿ, ತಾಮ್ರದ ಕೊಳವೆ ಕತ್ತರಿಸಿ, ಒಳಗಿನ ಹಳೇ ಗ್ಯಾಸನ್ನು ಹೊರಗೆ ಬಿಡುವುದು. ಸುಸ್ಸ್... "ಹೋಗಪ್ಪಾ, ಹೋಗು" ಅಂತ ಬೀಳ್ಕೊಡುತ್ತಿದ್ದ. ಬಣ್ಣವಿಲ್ಲ, ವಾಸನೆಯಿಲ್ಲ, ಕಿಟಕಿ ದಾಟಿದರೆ ಮುಗಿಯಿತು ಅಂದುಕೊಂಡಿದ್ದ. ಅಂಗಡಿಯಲ್ಲಿ ಜೊತೆಗೆ ದುಡಿಯುತ್ತಿದ್ದ ಹೆಂಡತಿ ಆ ಸದ್ದು ಕೇಳಿಯೇ ಟೀಗೆ ನೀರಿಡುತ್ತಿದ್ದಳು.

ಕೂದಲು ಬೆಳ್ಳಗಾದ ಮೇಲೆ ರಿಪೇರಿಯವರಿಗೆಂದೇ ಇಟ್ಟ ಒಂದು ದಿನದ ತರಬೇತಿಗೆ ಹೋದ. ಮಗಳ ವಯಸ್ಸಿನ ಮೇಡಂ ಒಬ್ಬರು ಪಾಠ ಮಾಡಿದರು. "ಬಿಸಿಲಿಗೆ ಕಾದ ನೆಲ ಆ ಕಾವನ್ನ ಮತ್ತೆ ಮೇಲಕ್ಕೆ ಬಿಡುತ್ತೆ. ಗಾಳಿಯಲ್ಲಿರೋ ಕೆಲವು ಅನಿಲಗಳು ಅದರಲ್ಲಿ ಒಂದಷ್ಟನ್ನ ತಡೆದು ಇಟ್ಕೊಳ್ತವೆ, ಕಂಬಳಿ ಥರ. ಕಂಬಳಿಯೇ ಇಲ್ದಿದ್ರೆ ಮರಗಟ್ಟಿ ಹೋಗ್ತಿದ್ವಿ. ಆದ್ರೆ ಕಲ್ಲಿದ್ದಲು, ಪೆಟ್ರೋಲು ಸುಟ್ಟೂ ಸುಟ್ಟೂ ಅದನ್ನ ದಪ್ಪ ಮಾಡಿದೀವಿ. ದೊಡ್ಡ ಪಾಲು ಆ ಹೊಗೇದೇ. ಆದ್ರೂ ನಿಮ್ಮ ಈ ಗ್ಯಾಸು ಒಂದು ಕಿಲೋ ಬಿಟ್ರೆ, ಇಂಗಾಲದ ಡೈಆಕ್ಸೈಡ್ ಸಾವಿರ ಕಿಲೋಗೂ ಜಾಸ್ತಿ ಬಿಟ್ಟ ಹಾಗೆ."

ಮಾವ ಕೈಯೆತ್ತಿದ. "ಬಿಟ್ಟಿದ್ದನ್ನ ವಾಪಸ್ ಹಿಡಿಯಕ್ಕಾಗುತ್ತಾ ಮೇಡಂ?"

"ಇಲ್ಲ ಸರ್. ಇನ್ನು ಬಿಡದೇ ಇರಬಹುದು, ಅಷ್ಟೇ."

ಅಂದಿನಿಂದ ಹಳೇ ಗ್ಯಾಸನ್ನು ಎಳೆದು ಸಿಲಿಂಡರಿಗೆ ತುಂಬುವ ಮಿಷನ್ನು ಹೆಗಲಿಗೇರಿತು. ಹತ್ತು ನಿಮಿಷದ ಕೆಲಸ ಒಂದೂವರೆ ಗಂಟೆಯಾಯಿತು. ಗಿರಾಕಿಗಳು ಗೊಣಗಿದರು, ಕೆಲವರು ಬೇರೆಯವರನ್ನು ಕರೆದರು.

ಈ ಬೇಸಿಗೆಯಲ್ಲಿ ಹೆಂಡತಿ ಎರಡು ಸಲ ತಲೆಸುತ್ತಿ ಬಿದ್ದಳು. "ಇವರನ್ನ ಈ ಕಾವಿನಲ್ಲಿ ಇಟ್ಕೋಬೇಡಿ" ಅಂದರು ಡಾಕ್ಟರು. ಮಗಳ ಕೆಳಮಹಡಿಯ ಮನೆಗೆ ಹೋಗುವುದೆಂದಾಯಿತು. ಸಾಮಾನು ಗಾಡಿಗೇರಿತು. ಉಳಿದದ್ದು ಇತ್ತೀಚೆಗೆ ಅವಳಿಗೆಂದು ಗೋಡೆಗೆ ಹಾಕಿದ್ದ ಹಳೇ ಏಸಿ ಒಂದೇ. ವಾರದ ಹಿಂದೆ ಅದರ ಮೋಟರು ಸುಟ್ಟುಹೋಗಿತ್ತು, ಗ್ಯಾಸು ಮಾತ್ರ ಒಳಗೇ ಇತ್ತು. ಹಳೇ ಕಟ್ಟಡ ಕೆಡವಲು ಮಾಲೀಕರು ಗೊತ್ತುಮಾಡಿದವರು ನಾಳೆ ಬಂದು ಸುತ್ತಿಗೆ ಹಾಕುತ್ತಾರೆ, ಕೊಳವೆ ಒಡೆದರೆ ಗ್ಯಾಸೆಲ್ಲ ಗಾಳಿಗೆ. ಗ್ಯಾಸು ಹಿಡಿಯುವುದಿದ್ದರೆ ಇವತ್ತೇ.

ಮಾವ ಪೈಪು ಜೋಡಿಸಿ ಕೂತ. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಕೆಳಗಿನ ಮೆಟ್ಟಿಲಿನ ನೆರಳಲ್ಲಿ ಕೂತಿದ್ದ ಹೆಂಡತಿ ಕೂಗಿದಳು. "ರೀ, ಮುಗೀತಾ?"

"ಇನ್ನರ್ಧ ಗಂಟೆ ಕಣೆ!"

"ಅಷ್ಟು ವರ್ಷ ಬಿಟ್ಟೋರು, ಇದೊಂದನ್ನ ಹಿಡಿದು ಯಾರನ್ನ ಉದ್ಧಾರ ಮಾಡ್ತೀರಿ?"

"ಯಾರನ್ನೂ ಇಲ್ಲ. ಸುಮ್ನೆ ಕೂತ್ಕೋ."

"ಟೀಗೂ ನೀರಿಡೋ ಹಾಗಿಲ್ಲ. ಸದ್ದೇ ಬರ್ಲಿಲ್ವಲ್ಲ!"

ಮಾವನಿಗೆ ನಗು ಬಂತು, ನಗಲು ಸುಸ್ತು. ಒಂದು ತಿರುಪು ಸಡಿಲಿಸಿದರೆ ಸಾಕು, ಗ್ಯಾಸು ಸುಸ್ಸೆಂದು ಹೋಗುತ್ತೆ, ಈಗಲೇ ಇಳಿದು ಅವಳ ಪಕ್ಕ ಕೂರಬಹುದು. ಬೆರಳು ತಿರುಪಿನ ಮೇಲೇ ಇತ್ತು. ಅದನ್ನು ತೆಗೆದು ತೊಡೆಗೆ ಒರೆಸಿಕೊಂಡು, ಗೋಡೆಗೊರಗಿದ.

ಮಿಷನ್ನಿನ ಮೀಟರಿನ ಮುಳ್ಳು ಸೊನ್ನೆಗೆ ಇಳಿಯಿತು. ಸಿಲಿಂಡರನ್ನು ತೂಕಕ್ಕಿಟ್ಟ: ಎಂಟುನೂರು ಗ್ರಾಂ ಏರಿತ್ತು. ಅಷ್ಟು ವರ್ಷ ಬಿಟ್ಟದ್ದರ ಎದುರು ಇದೇನು? ಅದರ ಬಾಯಿ ಬಿಗಿಯಾಗಿ ತಿರುಗಿಸಿ, ಮಿಷನ್ನು ಹೆಗಲಿಗೆ ಹಾಕಿ, ಸಿಲಿಂಡರನ್ನು ಕೂಸಿನ ಹಾಗೆ ಸೊಂಟಕ್ಕೇರಿಸಿ, ಬಾಗಿಲು ಎಳೆದುಕೊಂಡು, ಮೆಟ್ಟಿಲ ಮೇಲೆ ನಿಂತು ನಿಂತು ಕೆಳಗಿಳಿದ.