ಸ್ಟೇಷನ್ ಮಾಸ್ಟ್ರ ಗುಡ್ಡ

ಬೀದಿಯವರೆಲ್ಲ ಅವರನ್ನು ಸ್ಟೇಷನ್ ಮಾಸ್ಟ್ರು ಎಂದೇ ಕರೆಯುತ್ತಿದ್ದರು. ರೈಲ್ವೆಯಲ್ಲಿ ಒಂದು ದಿನವೂ ಕೆಲಸ ಮಾಡಿದವರಲ್ಲ, ಪಾಪ. ಅವರ ಹೊಟ್ಟೆಪಾಡು ಹಲ್ಲಿನ ಸೆಟ್ಟು. ದಂತವೈದ್ಯರು ಕಳಿಸಿದ ಅಚ್ಚಿಗೆ ಪ್ಲಾಸ್ಟರ್ ಸುರಿದು, ಅರದಿಂದ ಉಜ್ಜಿ, ಊರಿನ ಅರ್ಧ ಮುದುಕರಿಗೆ ನಗು ವಾಪಸ್ ಕೊಟ್ಟ ಕೈ ಅದು. ಅವರ ಆಟಿಕೆ ರೈಲು ಓಡುತ್ತಿದ್ದದ್ದು ಮನೆಯಲ್ಲಿ, ಮುಂದಿನ ಕೋಣೆಯ ಮೇಜಿನ ಮೇಲೆ.

ಅವರ ಅಪ್ಪ ಲೆವೆಲ್ ಕ್ರಾಸಿಂಗಿನ ಗೇಟು ಕಾಯುತ್ತಿದ್ದವರು. ಹಳಿಯ ಪಕ್ಕದ ಕ್ವಾರ್ಟರ್ಸಿನಲ್ಲಿ ರೈಲು ಬಂದರೆ ಪಾತ್ರೆಗಳೆಲ್ಲ ಗಡಗಡ. ತೊಟ್ಟಿಲ ಮಗು ಮಾತ್ರ ರೈಲು ತಡವಾದರೆ ರಚ್ಚೆ ಹಿಡಿಯುತ್ತಿತ್ತಂತೆ. ಇಂಥವನು ಡ್ರೈವರ್ ಆಗದೆ ಇನ್ನೇನಾದಾನು? ಬೆಳೆದು ಪರೀಕ್ಷೆಯನ್ನೂ ಪಾಸು ಮಾಡಿದ. ಕೊನೆಗೆ ಕಣ್ಣಿನ ಡಾಕ್ಟರು ಬಣ್ಣದ ಚುಕ್ಕಿಗಳ ಪುಸ್ತಕ ತೆರೆದು, ಒಳಗಿರುವ ಅಂಕಿ ಓದು ಎಂದರು. ಅವನಿಗೆ ಅಂಕಿಯೇ ಕಾಣಲಿಲ್ಲ. ಕೆಂಪೂ ಹಸಿರೂ ಅವನ ಕಣ್ಣಿಗೆ ಒಂದೇ. ಸಿಗ್ನಲ್ ತಿಳಿಯದವನ ಕೈಗೆ ಇಂಜಿನ್ ಕೊಡುವ ಹುಚ್ಚರು ಯಾರಿದ್ದಾರೆ? ಆ ಆಸೆಗೆ ಅಲ್ಲಿಗೇ ಎಳ್ಳುನೀರು ಬಿಟ್ಟದ್ದಾಯಿತು.

ಈ ವಿಷಯವನ್ನು ಅವರು ಬಾಯಿಬಿಟ್ಟು ಹೇಳಿದ್ದು ಹೆಂಡತಿಗೊಬ್ಬಳಿಗೇ. ಮದುವೆಯಾದ ಹೊಸದರಲ್ಲಿ, ತಲೆ ತಗ್ಗಿಸಿಕೊಂಡು. ಆಕೆ ಬಿದ್ದು ಬಿದ್ದು ನಕ್ಕಳು.

"ಅಯ್ಯೋ, ಅಷ್ಟೇನಾ? ನಾನೇನೋ ಇನ್ನೊಬ್ಬಳು ಇದ್ದಾಳೆ ಅಂದ್ಕೊಂಡೆ! ಬಣ್ಣದ ಉಸಾಬರಿ ನನಗೆ ಬಿಡಿ."

ಬಿಟ್ಟರು. ಹಳಿ ಜೋಡಿಸುವುದು, ತಂತಿ ಬೆಸೆಯುವುದು, ಹಲ್ಲಿನ ಪ್ಲಾಸ್ಟರಿನಿಂದಲೇ ಸುರಂಗ ಕಟ್ಟುವುದು ಅವರ ಪಾಲು. ಬಣ್ಣವೆಲ್ಲ ಆಕೆಯದು. ಗಂಡ ತಪ್ಪಿ ಬೇರೆಯದಕ್ಕೆ ಕೈಹಾಕದಿರಲಿ ಎಂದು ಹಸಿರು ಸೀಸೆಯ ಕುತ್ತಿಗೆಗೆ ರಬ್ಬರ್ ಬ್ಯಾಂಡ್ ಹಾಕಿಡುತ್ತಿದ್ದಳು. ಇದ್ದೊಬ್ಬ ಮಗಳಿಗೂ ಅದರ ಗುಟ್ಟು ತಿಳಿದಿರಲಿಲ್ಲ. ಭಾನುವಾರ ಗಂಡ ಹೆಂಡತಿ ಇಬ್ಬರೂ ಪ್ಲಾಟ್‌ಫಾರಂ ಟಿಕೆಟ್ ಕೊಂಡು ಬೆಂಚಿನ ಮೇಲೆ ಕೂತು ರೈಲು ನೋಡುತ್ತಿದ್ದರು. ಉಳಿದ ಸಂಜೆಗಳಲ್ಲಿ ಮೇಜಿನ ಆಚೆ ಈಚೆ ಕೂತು ಜಗಳ.

"ನಿಮ್ಮ ಸ್ಟೇಷನ್ನಲ್ಲಿ ಇಳಿಯೋಕೆ ನನಗೇನು ಹುಚ್ಚಾ? ಒಂದು ಗಿಡ ಇಲ್ಲ, ನೆರಳಿಲ್ಲ. ಹಿಂದೆ ಒಂದು ಹಸಿರು ಗುಡ್ಡ ಮಾಡಿ, ಆಮೇಲೆ ನೋಡೋಣ."

ಗುಡ್ಡವೇನೋ ಎದ್ದಿತು. ಪ್ಲಾಸ್ಟರ್ ಒಣಗುವಷ್ಟರಲ್ಲಿ ಆಕೆ ಹಾಸಿಗೆ ಹಿಡಿದಳು. ಆಸ್ಪತ್ರೆಗೆ ಹೊರಟಾಗ ಬಾಗಿಲಲ್ಲಿ ನಿಂತು, "ನಾನು ಬರೋಷ್ಟರಲ್ಲಿ ಗುಡ್ಡ ಹಸಿರಾಗಿರ್ಬೇಕು, ನೋಡಿ" ಎಂದಳು. ಬಣ್ಣ ಬಳಿಯುವವಳು ತಾನೇ ಎಂಬುದನ್ನು ಮರೆತೇಬಿಟ್ಟವಳಂತೆ.

ಕೆಲವು ತಿಂಗಳು ಕಳೆದ ಮೇಲೆ ಡಾಕ್ಟರು, ಇನ್ನು ಮನೆಗೇ ಕರೆದುಕೊಂಡು ಹೋಗಿ ಎಂದರು. ಆ ಮಾತಿನ ಅರ್ಥ ಅವರಿಗೆ ತಿಳಿಯಿತು. ಮನೆಗೆ ಓಡಿಬಂದು ಬಣ್ಣದ ಪೆಟ್ಟಿಗೆ ತೆರೆದರು. ರಬ್ಬರ್ ಬ್ಯಾಂಡ್ ಒಣಗಿ, ಹರಿದು, ತಳದಲ್ಲಿ ಬಿದ್ದಿತ್ತು. ಗುಡ್ಡದ ಹಸಿರು, ಸ್ಟೇಷನ್ನಿನ ಹೆಂಚಿನ ಕೆಂಪು, ಎರಡಕ್ಕೂ ಒಂದೇ ತೆರನ ಸೀಸೆ. ಮೇಲಿನ ಚೀಟಿಗಳು ಬಣ್ಣ ಮೆತ್ತಿ ಎಂದೋ ಅಳಿಸಿಹೋಗಿದ್ದವು. ಮಗಳು ಇದ್ದದ್ದು ಪರವೂರಿನಲ್ಲಿ. ಪಕ್ಕದ ಮನೆಯವರನ್ನು ಕೇಳಬಹುದಿತ್ತು. ಜೀವಮಾನವೆಲ್ಲ ಮುಚ್ಚಿಟ್ಟದ್ದನ್ನು ಬಿಚ್ಚಲು ನಾಲಿಗೆ ಏಳಲಿಲ್ಲ. ಹಾಳು ಅಭಿಮಾನ! ಕಿಟಕಿಯ ಬೆಳಕಿಗೆ ಹಿಡಿದು, ತಿರುಗಿಸಿ ಮುರುಗಿಸಿ ನೋಡಿ, ಒಂದನ್ನು ಆರಿಸಿ ಗುಡ್ಡಕ್ಕೆಲ್ಲ ಬಳಿದರು.

ಆಕೆಯನ್ನು ಆ ಕೋಣೆಯಲ್ಲೇ ಮಲಗಿಸಿದರು. ದಿಂಬು ಎತ್ತರಿಸಿ ಕೇಳಿದರು, "ಹೇಗಿದೆ? ಸರಿಯಾಗಿದೆಯಾ?"

ಆಕೆ ಗುಡ್ಡವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಗಂಡನ ಮುಖ ನೋಡಿದಳು.

"ಎಷ್ಟು ಹಸಿರಾಗಿದೆ ರೀ. ಕಣ್ಣು ತಂಪಾಯ್ತು. ಈಗ ಇಳೀತೀನಿ ನಿಮ್ಮ ಸ್ಟೇಷನ್ನಲ್ಲಿ."

ಅವರ ಜೀವಕ್ಕೆ ಸಮಾಧಾನವಾಯಿತು. ಆ ವಾರ ಮುಗಿಯುವ ಮೊದಲೇ ಆಕೆ ಹೋಗಿಬಿಟ್ಟಳು.

ಬಂದವರೆಲ್ಲ ಹೊರಟುಹೋದ ಮೇಲೆ ಮಗಳು ಕೋಣೆ ಗುಡಿಸುತ್ತ ಮೇಜಿನ ಮುಂದೆ ನಿಂತಳು.

"ಅಪ್ಪಾ, ಗುಡ್ಡಕ್ಕೆ ಯಾಕೆ ಕೆಂಪು ಬಳಿದಿದ್ದೀಯ? ಒಳ್ಳೆ ಇಟ್ಟಿಗೆ ರಾಶಿ ಥರ ಇದೆ."

ಬಹಳ ಹೊತ್ತು ಗುಡ್ಡ ನೋಡಿ, ಆಮೇಲೆ ತಮ್ಮ ಕಡೆ ತಿರುಗಿದ ಹೆಂಡತಿಯ ಆ ಕಣ್ಣುಗಳು ಅವರಿಗೆ ಈಗ ಅರ್ಥವಾದವು. ಕುರ್ಚಿಯಲ್ಲಿ ಕುಸಿದು ಬಿಕ್ಕಿ ಬಿಕ್ಕಿ ಅತ್ತರು.

ಮಗಳಿಗೆ ಗಾಬರಿಯಾಯಿತು. "ಬಿಡಪ್ಪ, ಇಷ್ಟಕ್ಕೆಲ್ಲ ಯಾಕೆ ಅಳ್ತೀಯ? ನಾನೇ ಹಸಿರು ಬಳಿದು ಕೊಡ್ತೀನಿ" ಎಂದು ಇನ್ನೊಂದು ಸೀಸೆ ಎತ್ತಿಕೊಂಡಳು.

ಅವರು ಎದ್ದು ಅದನ್ನು ಕಿತ್ತುಕೊಂಡರು.

"ಮುಟ್ಟಬೇಡ. ಅದು ಹಸಿರೇ. ನಿಮ್ಮಮ್ಮ ನೋಡಿ ಹೇಳಿದ್ದಾಳೆ."