ಸಂತ ರೋಕರಿಗೆ ಪ್ಲೇಗು ಬಂದದ್ದು

ಕಳೆದ ತಿಂಗಳು ಸಂತ ರೋಕರಿಗೆ ಪ್ಲೇಗು ಬಂತು. ನಗಬೇಡಿ. ಸರ್ಕಾರಿ ರಿಜಿಸ್ಟರಿನಲ್ಲಿ ಹಾಗೇ ಬರೆದಿದೆ. ನಾನೇ ಓದಿದ್ದೇನೆ.

ಅವರು ತೀರಿಕೊಂಡು ನೂರಾರು ವರ್ಷವಾಯಿತಲ್ಲ ಅನ್ನುತ್ತೀರಾ? ನಾವೂ ಅದನ್ನೇ ಹೇಳಿದೆವು. ಹೇಳಿದ್ದೇ ತಪ್ಪಾಯಿತು.

ಮೊದಲಿನಿಂದ ಹೇಳಿಬಿಡುತ್ತೇನೆ. ಹೋದ ವರ್ಷ ಊಟಿಯ ನಮ್ಮ ಬೀದಿಯಲ್ಲಿ ಇಲಿಗಳು ಸತ್ತು ಬಿದ್ದವು. ಹಿಂದೆಯೇ ನಾನೂ ಬಿದ್ದೆ. ಸುಡುವ ಜ್ವರ, ತೊಡೆಸಂದಿಯಲ್ಲಿ ಗಡ್ಡೆ. ಡಾಕ್ಟರು ಕೈಬಿಟ್ಟರು. ಅವ್ವ ಬಿಡಲಿಲ್ಲ. ಪ್ಲೇಗು ಬಂದರೆ ನಮ್ಮಲ್ಲಿ ಮೊರೆಹೋಗುವುದು ಸಂತ ರೋಕರಿಗೆ. (ನಮ್ಮಲ್ಲಿ ಅಂದರೆ ಕಥೋಲಿಕರಲ್ಲಿ. ಮೈಸೂರು ಕಡೆಯಿಂದ ಬಂದು ಬೆಟ್ಟ ಹತ್ತಿದ ಒಂದಿಷ್ಟು ಮನೆಯವರಿದ್ದೇವೆ.) "ರೋಕಪ್ಪಾ, ಮಗ ಎದ್ದರೆ ನಿನ್ನ ಮೂರು ಗುಡಿಗೂ ನಡೆದೇ ಬರ್ತೀನಿ. ನಿನ್ನ ಹಬ್ಬದ ದಿನ ಮೂರನೇದರಲ್ಲಿ ದೀಪ ಹಚ್ತೀನಿ" ಅಂತ ಹರಕೆ ಹೊತ್ತಳು.

ನಾನು ಎದ್ದೆ. ಅವ್ವನಿಗೆ ಅರವತ್ತೆಂಟು ವರ್ಷ, ಮಂಡಿ ಬಗ್ಗುವುದಿಲ್ಲ. ಹರಕೆ ಹೊರುವವರು ಮಂಡಿಯನ್ನು ಕೇಳಿ ಹೊರುತ್ತಾರೆಯೇ?

ಗುಡಿಗಳಲ್ಲಿ ಒಂದು ಊಟಿಯಲ್ಲೇ. ಇನ್ನೊಂದು ಮಸಿನಗುಡಿಯ ಹತ್ತಿರದ ಕಾಫಿ ಎಸ್ಟೇಟಿನಲ್ಲಿ. ಮೂರನೆಯದು ಗೂಡಲೂರಿನಲ್ಲಿ, ಹೊಸದು, ಇನ್ನೂ ಪ್ರತಿಮೆ ಇರಲಿಲ್ಲ. ಹೇಗೂ ಹೋಗುತ್ತೀರಿ, ಸಂತರನ್ನೂ ಕರೆದುಕೊಂಡು ಹೋಗಿ ಅಂದರು ಫಾದರು. ಹಾಗಾಗಿ ಹೊರಟವರು ಇಪ್ಪತ್ತೆರಡು ಯಾತ್ರಿಕರು ಮತ್ತು ಒಂದು ಪೆಟ್ಟಿಗೆ.

ಸಂತ ರೋಕರೂ ಯಾತ್ರಿಕರೇ. ಪ್ಲೇಗಿನವರ ಸೇವೆ ಮಾಡುತ್ತಾ ತಾವೇ ರೋಗ ಹತ್ತಿಸಿಕೊಂಡು ಕಾಡು ಸೇರಿದವರು. ಒಂದು ನಾಯಿ ರೊಟ್ಟಿ ತಂದುಕೊಟ್ಟು ಬದುಕಿಸಿತಂತೆ. ಅದಕ್ಕೇ ಪ್ರತಿಮೆಯಲ್ಲಿ ಕಾಲ ಬಳಿ ನಾಯಿ ಇರುತ್ತದೆ. ಅವರು ಅಂಗಿ ಸರಿಸಿ ತೊಡೆಯ ಮೇಲಿನ ಗಡ್ಡೆ ತೋರಿಸುತ್ತಿರುತ್ತಾರೆ. ಬಡಗಿ ಆಳುದ್ದದ ಪೆಟ್ಟಿಗೆ ಮಾಡಿದ್ದ. ಧೂಳಾಗದಿರಲೆಂದು ಅವ್ವ ಪ್ರತಿಮೆಗೆ ಬಿಳಿ ಬಟ್ಟೆ ಸುತ್ತಿದ್ದಳು. ಪಕ್ಕದ ಇತ್ತಲಾರು ಹಳ್ಳಿಯ ಜೋಗಿ ಎಂಬವನ ಎತ್ತಿನ ಗಾಡಿಯಲ್ಲಿ ಪೆಟ್ಟಿಗೆ ಮುಂದೆ, ಜಪಸರ ಹಿಡಿದು ನಾವು ಹಿಂದೆ. ನೋಡಿದವರಿಗೆ ಏನನ್ನಿಸಿರಬೇಕು?

ಊಟಿಯ ಗುಡಿಯಿಂದ ಹೊರಟು ಸೀಗೂರು ಘಾಟಿ ಇಳಿದೆವು. ಎಸ್ಟೇಟಿನ ಗುಡಿಯಲ್ಲಿ ಹಾಡಿದೆವು. ಮಾರನೆಯ ದಿನ, ಮೈಸೂರು ರಸ್ತೆ ಬಂದು ಕೂಡುವ ತೆಪ್ಪಕಾಡಿನ ಹತ್ತಿರ ಪ್ಲೇಗು ಚೌಕಿ ಅಡ್ಡ ಬಂತು. ಮೈಸೂರು ಸೀಮೆಯಲ್ಲಿ ಪ್ಲೇಗು ಜೋರಾಗಿತ್ತು. ಅಲ್ಲಿಂದ ಬರುವವರು ಪಾಸ್ ತೋರಿಸಬೇಕು, ಇಲ್ಲವೇ ಹತ್ತು ದಿನ ಕ್ಯಾಂಪಿನಲ್ಲಿ ಕೂರಬೇಕು. (ಆನೆಗಳು ದಿನವೂ ಆ ಕಡೆಯಿಂದ ಹೊಳೆ ದಾಟಿ ಬರುತ್ತಿದ್ದವು. ಅವುಗಳನ್ನು ಯಾರೂ ಕೇಳಲಿಲ್ಲ.)

"ಪಾಸ್?" ಅಂದರು ಇನ್ಸ್‌ಪೆಕ್ಟರು. ತಮಿಳಿನವರು. ಕನ್ನಡ ಅಷ್ಟಿಷ್ಟು ಬರುತ್ತಿತ್ತು.

ನಮ್ಮ ಮುಖಂಡರು ಉಪದೇಶಿ ಚೌರಪ್ಪನವರು. "ನಾವು ಊಟಿಯವರು ಸ್ವಾಮಿ. ಊಟಿಯವರಿಗೆ ಪಾಸ್ ಬೇಡ."

"ಸರಿ. ಊಟಿಯವರು ಅಂತ ಏನು ಪ್ರೂಫು? ಪಾಸ್ ತೋರ್ಸಿ."

"ಊಟಿಯವರಿಗೆ ಪಾಸ್ ಕೊಡೋದೇ ಇಲ್ಲವಲ್ಲ!"

"ಅದೇದಾನ್ ನಾನೂ ಹೇಳೋದು. ಪಾಸ್ ಇಲ್ಲ. ಮಾತು ಕನ್ನಡ. ಅಪ್ಪೋ ಮೈಸೂರುದಾನ್."

ಜೋಗಿಯನ್ನು ಮುಂದೆ ತಳ್ಳಿದೆವು. ಊಟಿಯಿಂದ ಗಾಡಿ ಹೊಡೆದವನೇ ಅವನು. ಆದರೆ ಕಾಕಿ ಬಟ್ಟೆ ಕಂಡರೆ ಅವನಿಗೆ ನಾಲಿಗೆ ಹೊರಳದು. "ನಾ ಅರಿಯೆ ಸಾಮಿ" ಅಂದುಬಿಟ್ಟ.

ಹೆಸರಿನ ಪಟ್ಟಿ ಕೊಡಿ ಅಂದರು ಇನ್ಸ್‌ಪೆಕ್ಟರು. ಚೌರಪ್ಪನವರ ಬಳಿ ಸಿದ್ಧವಾಗಿತ್ತು. ಭಕ್ತಿಯಿಂದ ಎಲ್ಲಕ್ಕಿಂತ ಮೇಲೆ ಸಂತರ ಹೆಸರು ಬರೆದು, ಕೆಳಗೆ ನಮ್ಮನ್ನೆಲ್ಲ ಬರೆದಿದ್ದರು.

"ಒಂದನೇ ಆಳು, ರೋಕ್. ಯಾರಪ್ಪಾ, ಮುಂದೆ ಬನ್ನಿ."

"ಪೆಟ್ಟಿಗೆಯಲ್ಲಿದ್ದಾರೆ" ಅಂದರು ಚೌರಪ್ಪನವರು.

ಬರೆಯುತ್ತಿದ್ದ ಕೈ ನಿಂತಿತು. "ಪೆಟ್ಟಿಗೆಯಲ್ಲಾ? ಸತ್ತು ಎಷ್ಟು ದಿನ ಆಯ್ತು?"

"ಅಯ್ಯೋ, ಬಹಳ ಕಾಲ ಆಯ್ತು."

"ಏನು ಕಾಯಿಲೆ?"

ಚೌರಪ್ಪನವರು ಮೂವತ್ತು ವರ್ಷ ಮಕ್ಕಳಿಗೆ ಜ್ಞಾನೋಪದೇಶ ಹೇಳಿಕೊಟ್ಟವರು. ಸುಳ್ಳು ಬಾಯಿಗೆ ಬಾರದು. "ಪ್ಲೇಗು" ಅಂದರು. ಇನ್ಸ್‌ಪೆಕ್ಟರು ಎರಡು ಹೆಜ್ಜೆ ಹಿಂದೆ ಸರಿದರು. "ಆದರೆ ಅದರಿಂದ ಸಾಯಲಿಲ್ಲ ಸ್ವಾಮಿ. ಗುಣವಾಗಿ, ಆಮೇಲೆ ಜೈಲಿನಲ್ಲಿ ತೀರಿಕೊಂಡರು."

"ಜೈಲು ಬೇರೆಯಾ!"

ಜವಾನ ಕೋಲಿನಿಂದ ಮುಚ್ಚಳ ಎತ್ತಿದ, ಬಟ್ಟೆ ಸರಿಸಿದ. "ಸಾರ್, ಗಡ್ಡೆ ಇರುಕ್ಕು ಸಾರ್!" ಅಂತ ಕೂಗಿ ಕೋಲು ಬಿಸಾಡಿ ಓಡಿದ. ಇನ್ಸ್‌ಪೆಕ್ಟರು ರಿಜಿಸ್ಟರು ತುಂಬಿದರು. ರೋಕ್, ಗಂಡಸು, ಪ್ಲೇಗು.

ಅದು ಮರ ಅಂತ ಗೊತ್ತಾಗುವಷ್ಟರಲ್ಲಿ ಇಂಕು ಒಣಗಿತ್ತು. ರಿಜಿಸ್ಟರಿನ ಪುಟಗಳಿಗೆ ನಂಬರು. ಹರಿಯುವಂತಿಲ್ಲ. ಮೇಲಿನವರ ಅಪ್ಪಣೆಯಿಲ್ಲದೆ ಹೊಡೆದುಹಾಕುವಂತಿಲ್ಲ.

"ಪಕ್ಕದಲ್ಲಿ ಪ್ರತಿಮೆ ಅಂತ ಬರೆದುಬಿಡಿ ಸಾರ್" ಅಂದೆ.

"ಪ್ರತಿಮೆಗೆ ಕಾಲಂ ಇಲ್ಲಪ್ಪಾ" ಅಂದರು. ಪಾಪ, ಅವರ ಮುಖವೂ ಬೆವತಿತ್ತು.

ಹೀಗಾಗಿ ಒಬ್ಬರು ರೋಗಿ, ಇಪ್ಪತ್ತೆರಡು ಮಂದಿ ರೋಗಿಯ ಕಡೆಯವರು. ನಮಗೆ ಹತ್ತು ದಿನ ಕ್ಯಾಂಪು. ಸಂತರಿಗೆ ಪ್ರತ್ಯೇಕ ಶೆಡ್ಡು. ಹಬ್ಬಕ್ಕೆ ಉಳಿದಿದ್ದದ್ದು ನಾಲ್ಕೇ ದಿನ.

ಅವ್ವ ಅವತ್ತು ಗಂಜಿ ಮುಟ್ಟಲಿಲ್ಲ. "ಹರಕೆ ತಪ್ಪಿದರೆ ಕೊಟ್ಟದ್ದನ್ನ ವಾಪಸ್ ಕೇಳ್ತಾನೇನೋ" ಅಂತ ನನ್ನ ಕೈಹಿಡಿದು ಕೂತಳು. ಕೊಟ್ಟದ್ದು ಅಂದರೆ ನಾನು. ನನಗೆ ನಗು ಬರಲಿಲ್ಲ. ಗುಟ್ಟಾಗಿ ತೊಡೆಸಂದಿ ಮುಟ್ಟಿ ನೋಡಿಕೊಂಡೆ. ಸಂತರ ಹೆಸರು ಹೊಡೆದುಹಾಕಲು ಅಪ್ಪಣೆ ಕೊಡಿ ಅಂತ ಊಟಿಯ ಕಚೇರಿಗೆ ಅರ್ಜಿ ಬರೆದೆ. ಉತ್ತರ ಬರಲಿಲ್ಲ.

ಕ್ಯಾಂಪಿನಲ್ಲಿ ನಿಜವಾಗಿ ಮೈಸೂರು ಕಡೆಯಿಂದ ಬಂದವರೂ ಇದ್ದರು. ಅವರಲ್ಲೊಬ್ಬಳು ಸಿದ್ಧಮ್ಮ. ಗುಂಡ್ಲುಪೇಟೆ ಕಡೆಯವಳು. ವಾರದ ಹಿಂದೆ ಗಂಡ ಪ್ಲೇಗಿನಲ್ಲಿ ಹೋಗಿದ್ದ. ಗೋಡೆಗೆ ಮುಖಮಾಡಿ ಕೂತಿರುತ್ತಿದ್ದಳು. ಅವಳ ಗಂಜಿಯನ್ನು ದೂರದಿಂದ ಇಟ್ಟು ಹೋಗುತ್ತಿದ್ದರು. ಯಾರೂ ಹತ್ತಿರ ಸುಳಿಯುತ್ತಿರಲಿಲ್ಲ. ನಾನೂ ಅಷ್ಟೇ. ಬದುಕಿ ಬಂದವನಿಗೆ ಹೆದರಿಕೆ ಇನ್ನೂ ಜಾಸ್ತಿ.

ಹಬ್ಬದ ಬೆಳಿಗ್ಗೆ ಅವ್ವ ದೀಪ ಹಿಡಿದು ಸಂತರ ಶೆಡ್ಡಿಗೆ ಹೊರಟಳು. ಇನ್ಸ್‌ಪೆಕ್ಟರು ಅಡ್ಡ ನಿಂತರು.

"ರೋಗಿ ಶೆಡ್ಡಿಗೆ ಹೋಗೋ ಹಂಗಿಲ್ಲ ಅಮ್ಮಾ. ರೂಲು."

"ರೋಗಿಗೆ ಗಂಜಿ ಕೊಡೋರು ಯಾರು?"

ಅವರು ಪುಸ್ತಕ ತಿರುವಿದರು. ರೋಗಿಗೊಬ್ಬ ಅಟೆಂಡೆಂಟು ಇರಬಹುದು ಅಂತಿತ್ತು.

"ನಾನೇ" ಅಂದಳು ಅವ್ವ. ಆಮೇಲೆ ತಿರುಗಿ, "ಬಾರವ್ವ ಸಿದ್ಧಮ್ಮ. ನನ್ನ ಮಂಡಿ ಬಗ್ಗಲ್ಲ. ನೀನು ಹಚ್ಚು" ಅಂದಳು.

ಇಡೀ ಕ್ಯಾಂಪು ನೋಡುತ್ತಿತ್ತು. ಸಿದ್ಧಮ್ಮ ಎದ್ದಳು. ಅವ್ವ ಅವಳ ಹೆಗಲು ಹಿಡಿದುಕೊಂಡಳು. ಹಿಡಿದುಕೊಂಡೇ ನಡೆದಳು. ಸಿದ್ಧಮ್ಮ ದೀಪ ಹಚ್ಚಿದಳು, ಸಂತರ ತೊಡೆಯ ಗಡ್ಡೆ ನೋಡಿದಳು. "ಇವನಿಗೂ ಬಂದಿತ್ತಾ?" ಅಂದಳು. ಆಮೇಲೆ ಅತ್ತಳು. ಕ್ಯಾಂಪಿಗೆ ಬಂದಮೇಲೆ ಅದೇ ಮೊದಲಂತೆ.

ಹೊರಗೆ ಬಂದ ಅವ್ವ, "ಮೂರನೇ ಗುಡಿ ಆಯ್ತು" ಅಂದಳು.

"ಇದು ಗುಡಿ ಅಲ್ಲವಲ್ಲಮ್ಮ" ಅಂದರು ಚೌರಪ್ಪನವರು.

"ಪ್ಲೇಗಿನ ಸಂತ ಪ್ಲೇಗಿನ ಶೆಡ್ಡಲ್ಲಿರದೆ ಇನ್ನೆಲ್ಲಿರಬೇಕು ಉಪದೇಶಿಗಳೇ?"

ಹತ್ತನೆಯ ದಿನ ನಮಗೆಲ್ಲ ಪಾಸ್ ಸಿಕ್ಕಿತು. ಸಂತರಿಗೆ ಸಿಗಲಿಲ್ಲ. ರೋಗಿಯನ್ನು ಡಾಕ್ಟರು ಪರೀಕ್ಷಿಸದೆ ಬಿಡುವಂತಿಲ್ಲ, ಡಾಕ್ಟರು ಬರುವುದು ಯಾವಾಗಲೋ. ಗೂಡಲೂರಿನಲ್ಲಿ ಹೂವಿನ ಹಾರ ಹಿಡಿದು ಕಾಯುತ್ತಿದ್ದವರ ಮುಂದೆ ಖಾಲಿ ಪೆಟ್ಟಿಗೆ ಇಳಿಸಿದೆವು. "ಸಂತರೆಲ್ಲಿ?" ಅಂದರು. "ಆಸ್ಪತ್ರೆಯಲ್ಲಿ" ಅಂದೆವು. ಬೇರೇನು ಹೇಳುವುದು?

ಮೊನ್ನೆ ಇನ್ಸ್‌ಪೆಕ್ಟರ ಕಾಗದ ಬಂತು. ಡಾಕ್ಟರು ಬಂದು ಹೋದರಂತೆ. ಗಡ್ಡೆ ಹಾಗೇ ಇದ್ದರೂ ರೋಗಿಯ ಸ್ಥಿತಿ ಸ್ಥಿರವಾಗಿದೆ, ಕರೆದುಕೊಂಡು ಹೋಗಬಹುದು ಎಂದು ಬರೆದರಂತೆ. ಕೊನೆಯಲ್ಲಿ ಬೇರೆ ಮಸಿಯಲ್ಲಿ ಎರಡು ಸಾಲು: "ಕ್ಯಾಂಪಿನವರು ಬಿಡಲು ಒಪ್ಪುತ್ತಿಲ್ಲ. ಸಂಜೆಯ ದೀಪ ನನ್ನ ಹೆಂಡತಿಯೇ ಹಚ್ಚುತ್ತಿದ್ದಾಳೆ."

ಸಂತರು ಯಾವಾಗ ಬರುತ್ತಾರೆ ಅಂತ ಕೇಳಲು ಗೂಡಲೂರಿನವರು ದಿನಕ್ಕೊಬ್ಬರನ್ನು ಕಳಿಸುತ್ತಿದ್ದಾರೆ. ಓದಿದವನು ನೀನು, ಉತ್ತರ ಬರೆ ಅಂತ ಚೌರಪ್ಪನವರು ಕಾಗದವನ್ನು ನನ್ನ ಮೇಜಿನ ಮೇಲಿಟ್ಟು ಹೋಗಿದ್ದಾರೆ. ಏನಂತ ಬರೆಯಲಿ? ಗುಡಿಯಲ್ಲಿ ಸುಮ್ಮನೆ ನಿಲ್ಲಲು ಸಂತರು ಬೇಕಾದಷ್ಟಿದ್ದಾರೆ. ಡ್ಯೂಟಿ ಮೇಲಿರುವವರನ್ನು ವಾಪಸ್ ಕರೆಸುವುದು ಯಾವ ರೂಲು?